ವಳಸಂಗದ ಹತ್ತಿರ ನಿಲ್ಲುವ ಗಾಳಿ

ಕಾರಿನ ಎ.ಸಿ. ಗಾಳಿ ಮುಖಕ್ಕೆ ಬರುವ ಬದಲು ಮುಂದಿನ ಗಾಜಿಗೆ ಹೊಡೆಯುತ್ತದೆ. ದೂರು ಇಷ್ಟೇ. ಇದನ್ನು ಹೇಳಲು ಸಾವಕಾರರು ಅರ್ಧ ಗಂಟೆ ತೆಗೆದುಕೊಂಡರು. ಅವರ ಡ್ರೈವರ್ ಇನ್ನರ್ಧ ಗಂಟೆ.

"ಸೋಲಾಪುರದಾಗ ಗಾಡಿ ರಾಜಾನಂಗ ಇರ್ತದ್ರಿ," ಎಂದರು ಸಾವಕಾರರು. "ವಳಸಂಗ ಬಂತಂದ್ರ ಗಾಳಿ ಬರೂ ನಡುವಿನ ಜಾಳಿ ಬಂದ್. ಗಾಳಿ ಎಲ್ಲಾ ಮುಂದಿನ ಕಾಚಿಗಿ ಹೋಗ್ತದ. ನಾ ಎ.ಸಿ. ಹಾಕ್ಸಿದ್ದು ನನಗೋ, ಕಾಚಿಗೋ? ಹೇಳ್ರಿ ನೀವ."

ಡ್ರೈವರ್ ಬಾಯೊಳಗಿನ ಗುಟ್ಕಾವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಅಲ್ಲೊಂದು ಬೇವಿನ ಗಿಡ ಅದರಿ ಸರ," ಎಂದ. "ಅಲ್ಲಿ ಇಳದು ಕಾಯಿ ಒಡದ್ರ ಗಾಳಿ ತಿರುಗಿ ಬರ್ತದ. ಪ್ರತಿ ಗುರುವಾರ ಒಡ್ಯಾಕತ್ತೀನಿ. ಒಂದ ಸಲಾನೂ ತಪ್ಪಿಲ್ಲ."

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕಾರುಗಳ ಎ.ಸಿ. ರಿಪೇರಿಗೆ ಕುಳಿತವನಿಗೆ ಇಂಥ ಮಾತು ಕೇಳಿದರೆ ಹೇಸಿಗೆಯಾಗುತ್ತದೆ. ನೋಟುಬುಕ್ಕಿನಲ್ಲಿ "ಇಪ್ಪತ್ತು ಕಿ.ಮೀ. ದಾಟಿದ ಮೇಲೆ ತೊಂದರೆ" ಎಂದು ಬರೆದುಕೊಂಡೆ. ಕಾಯಿಯ ಮಾತು ಬರೆಯಲಿಲ್ಲ. ಮುಂದಿನ ಮೂರು ವಾರ ಹಾಳಾದದ್ದು ಆ ಬರೆಯದ ಸಾಲಿನಿಂದ.

ನೋಟುಬುಕ್ಕು ಇಟ್ಟುಕೊಳ್ಳುವುದು ಇತ್ತೀಚಿನ ಅಭ್ಯಾಸ. ಸೋಲಾಪುರದ ನಮ್ಮ ಅಂಗಡಿಯ ಮೊದಲಿನ ಷಟರ್ ಹಸಿರು ಬಣ್ಣದ್ದೆಂದು ನಾನು ಹೆಂಡತಿಯ ಜೊತೆ ಎರಡು ದಿನ ವಾದ ಮಾಡಿದ್ದೆ. ಹಳೆಯ ಫೋಟೋ ಸಿಕ್ಕಿತು. ಅದರಲ್ಲಿ ಷಟರ್ ನೀಲಿ. ಆ ಹಸಿರು ಈಗಲೂ ನನ್ನ ಕಣ್ಣ ಮುಂದೆ ಇದೆ, ಅದೇ ಸಮಸ್ಯೆ. ಮರೆವು ಆದರೆ ಖಾಲಿ ಜಾಗ ಕಾಣುತ್ತದೆ. ನನಗೆ ಖಾಲಿ ಜಾಗ ಕಾಣುವುದಿಲ್ಲ, ಅಲ್ಲಿ ಬೇರೆ ಏನೋ ಕುಳಿತಿರುತ್ತದೆ.

ಕಾರು ಮೂವತ್ತು ವರ್ಷದ ಹಳೆಯ ಜರ್ಮನ್ ಡೀಸೆಲ್. ಈಗಿನ ಕಾರುಗಳಲ್ಲಿ ಎ.ಸಿ. ಗಾಳಿಯ ದಿಕ್ಕು ಬದಲಿಸುವುದು ಸಣ್ಣ ಮೋಟರು. ಈ ಕಾರಿನಲ್ಲಿ ಆ ಕೆಲಸ ನಿರ್ವಾತದ್ದು, ಮಿಸ್ತ್ರಿಗಳ ಬಾಯಲ್ಲಿ 'ವ್ಯಾಕ್ಯೂಮ್'. ಇಂಜಿನ್ನಿಗೆ ಕೂಡಿಸಿದ ಪಂಪು ಗಾಳಿಯನ್ನು ಎಳೆಯುತ್ತದೆ. ಆ ಎಳೆತ ತೆಳ್ಳನೆಯ ಪೈಪಿನಲ್ಲಿ ಡ್ಯಾಶ್‌ಬೋರ್ಡಿನ ಹಿಂದಿನ ವಾಲ್ವುಗಳಿಗೆ ಬರುತ್ತದೆ, ಅಲ್ಲಿಂದ ಬಣ್ಣಬಣ್ಣದ ಪೈಪುಗಳಲ್ಲಿ ಹಂಚಿಹೋಗುತ್ತದೆ. ಪ್ರತಿ ಪೈಪಿನ ತುದಿಗೆ ರಬ್ಬರ್ ಪರದೆಯ ಒಂದು ಡಬ್ಬಿ. ಎಳೆತ ಬಂದರೆ ಡಬ್ಬಿ ಒಂದು ಸಲಾಕೆಯನ್ನು ಎಳೆದು ಗಾಳಿಯ ಬಾಗಿಲು ತೆರೆಯುತ್ತದೆ. ಎಳೆತ ಇಲ್ಲವಾದರೆ ನಡುವಿನ ಬಾಗಿಲು ಮುಚ್ಚಿ ಗಾಳಿಯೆಲ್ಲ ಮುಂದಿನ ಗಾಜಿಗೆ ಹೋಗುತ್ತದೆ. ಕಾರು ಮಾಡಿದವರು ಯೋಚಿಸಿಯೇ ಹಾಗೆ ಮಾಡಿದ್ದಾರೆ: ಏನೇ ಕೆಟ್ಟರೂ ಗಾಜಿನ ಮಂಜು ಮಾತ್ರ ಹೋಗುತ್ತಿರಲಿ ಎಂದು. ಅವರ ಊರಿನಲ್ಲಿ ಮಂಜು ಬೀಳುತ್ತದೆ. ನಮ್ಮಲ್ಲಿ ಮೇ ತಿಂಗಳು ಬೀಳುತ್ತದೆ.

ಸಾವಕಾರರಿಗೆ ಸೋಲಾಪುರದಲ್ಲಿ ಚಾದರ, ಟವೆಲ್ಲುಗಳ ಸಗಟು ಅಂಗಡಿ, ಅಂದರೆ ಪೇಢಿ, ಅಕ್ಕಲಕೋಟದಲ್ಲಿ ಯಾತ್ರಿಕರಿಗಾಗಿ ಒಂದು ಲಾಜು. ವಳಸಂಗ ಇವೆರಡರ ನಡುವಿನ ದಾರಿಯಲ್ಲಿದೆ. ಮೊದಲು ತಿಂಗಳಿಗೊಮ್ಮೆ ಬೆಳಗಿನ ತಂಪಿನಲ್ಲಿ ಹೋಗಿ ಬರುತ್ತಿದ್ದರು. ಈ ವರ್ಷ ಪೇಢಿಯನ್ನು ಮಗನ ಕೈಗೆ ಕೊಟ್ಟು, ಪ್ರತಿ ಗುರುವಾರ ಊಟ ಮುಗಿಸಿ, ಮಧ್ಯಾಹ್ನದ ಬಿಸಿಲಲ್ಲಿ ಅಲ್ಲಿನ ಸ್ವಾಮಿಗಳ ದರ್ಶನಕ್ಕೆ ಹೊರಡತೊಡಗಿದ್ದರು.

ಡ್ಯಾಶ್‌ಬೋರ್ಡ್ ಬಿಚ್ಚಿದ ದಿನ ನಾನು ಮಧ್ಯಾಹ್ನದ ಊಟ ಮಾಡಲಿಲ್ಲ. ನಡುವಿನ ಜಾಳಿಯಲ್ಲಿ ಊದುಬತ್ತಿಯ ಕಡ್ಡಿಗಳು, ಏಳು. ಪ್ರತಿ ದಸರೆಗೆ ಪೂಜೆ ಮಾಡಿ ಅಲ್ಲೇ ಸಿಕ್ಕಿಸಿದ್ದು. ಅದರ ಹಿಂದೆ ಭಂಡಾರದ ಅರಿಶಿನಪುಡಿ ಮತ್ತು ಅಕ್ಷತೆ. ಗಾಳಿ ತಂಪು ಮಾಡುವ ಎ.ಸಿ. ಕಾಯಿಲಿನ ತೇವಕ್ಕೆ ಅವೆರಡೂ ಕಲಸಿ ಹಳದಿ ಹಿಟ್ಟಾಗಿ, ಹುಳಿತು, ಒಣಗಿ, ಮತ್ತೆ ಹುಳಿತಿತ್ತು. ಬ್ಲೋವರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿತ್ತು. ಗೂಡಿಗೆ ಸಾವಕಾರರ ಪೇಢಿಯದೇ ಚಾದರದ ನೂಲು. ಒಳಗೆ ಶೇಂಗಾದ ಸಿಪ್ಪೆ, ಒಣಗಿ ಚರ್ಮವಾದ ಎರಡು ಮರಿಗಳು. ಈ ಗಾಳಿಯನ್ನು ಮುಖಕ್ಕೆ ಬೇಕೆಂದು ಅವರು ಜಗಳ ಮಾಡುತ್ತಿದ್ದರು! ಮೂಗಿಗೆ ಬಟ್ಟೆ ಕಟ್ಟಿಕೊಂಡು ಎಲ್ಲವನ್ನೂ ತೆಗೆದೆ. ಡ್ರೈವರ್ ಹೊರಗೆ ನಿಂತು, "ಭಂಡಾರ ಚೆಲ್ಲಬ್ಯಾಡ್ರಿ ಸರ, ಗಿಡದ ಬುಡಕ್ಕ ಹಾಕ್ರಿ," ಎನ್ನುತ್ತಿದ್ದ.

ಆಮೇಲೆ ಕೆಲಸ. ಕೈಪಂಪಿಗೆ ಒಂದು ಗೇಜು ಇರುತ್ತದೆ. ಡಬ್ಬಿಯ ಪೈಪಿಗೆ ಪಂಪು ಸಿಕ್ಕಿಸಿ ಒತ್ತಿದರೆ ಮುಳ್ಳು ಏರಬೇಕು, ಏರಿದ ಮುಳ್ಳು ನಿಲ್ಲಬೇಕು. ಇಳಿದರೆ ಸೋರಿಕೆ. ಏಳು ಡಬ್ಬಿಗಳಲ್ಲಿ ಐದು ನಿಂತವು, ಎರಡು ನಿಧಾನವಾಗಿ ಇಳಿದವು. ಆ ಎರಡನ್ನು ಬದಲಾಯಿಸಿದೆ. ಇಂಜಿನ್ ಕಡೆಯಿಂದ ಬರುವ ಮುಖ್ಯ ಪೈಪಿನ ತುದಿ ಮುಚ್ಚಿ ಎಳೆದು ನೋಡಿದೆ. ಐದು ಒತ್ತಿಗೆ ಮುಳ್ಳು ಪೂರ್ತಿ ಏರಿ ಅಲುಗದೆ ನಿಂತಿತು. ಅದು ಬಿಸಿ ನೀರಿನ ಹೋಸ್ ಪಕ್ಕದಲ್ಲಿ ಹಾಯುವಲ್ಲಿ ಒಂದು ಗೇಣು ಉದ್ದ ಇನ್ಸುಲೇಷನ್ ಟೇಪಿನ ಸುತ್ತು, ಹೆಬ್ಬೆರಳಿನಷ್ಟು ದಪ್ಪ. ಶಾಖಕ್ಕೆ ಅಂಟು ಕರಗಿ ಕರ್ರಗೆ ಜಿನುಗುತ್ತಿತ್ತು. ಅಸಹ್ಯವೆನಿಸಿ ಮೇಲಿನ ಸುತ್ತುಗಳನ್ನು ಸುಲಿದು ಬಿಸಾಕಿದೆ. ಒಳಗಿನ ನಾಲ್ಕು ಸುತ್ತು ಗಟ್ಟಿ ಇದ್ದವು, ಬಿಟ್ಟೆ. ಕೈಗೆ ಮೆತ್ತಿದ ಅಂಟು ಡೀಸೆಲ್ಲಿನಿಂದ ತಿಕ್ಕಿದರೂ ಹೋಗಲಿಲ್ಲ. ಸಂಜೆ ರೊಟ್ಟಿ ಮುರಿಯುವಾಗಲೂ ಅದರದೇ ವಾಸನೆ.

ಮುಂದಿನ ಗುರುವಾರ ಫೋನು ಬಂತು.

"ಇಂಜಿನಿಯರ್ರ," ಎಂದರು ಸಾವಕಾರರು. ನಾನು ಇಂಜಿನಿಯರ್ ಅಲ್ಲ ಎಂದು ಹೇಳುವುದನ್ನು ಯಾವತ್ತೋ ಬಿಟ್ಟಿದ್ದೆ. "ನಿಮ್ಮ ರಿಪೇರಿ ಭಾರೀ ಆತ್ರಿ. ಮೊದಲ ವಳಸಂಗದಾಗ ಬಂದ್ ಆಗತಿತ್ತು. ಈಗ ಕುಂಭಾರಿಯೊಳಗ ಆಗಾಕತ್ತೈತಿ. ಇನ್ನೊಮ್ಮಿ ರಿಪೇರಿ ಮಾಡಿದ್ರ ಮನೀ ಮುಂದನ ಆಗ್ತದ ನೋಡ್ರಿ."

ಕುಂಭಾರಿ ವಳಸಂಗಕ್ಕಿಂತ ಈಚೆ, ಸೋಲಾಪುರಕ್ಕೆ ಹತ್ತಿರ. ನನ್ನ ಕೈ ತಾಗಿದ ಮೇಲೆ ರೋಗ ಹೆಚ್ಚಾಗಿತ್ತು.

ಕಾರನ್ನು ಮತ್ತೆ ತರಿಸಿದೆ. ಹೊಟಗಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಬಿಸಿ ಇರುವಾಗಲೇ ಮುಖ್ಯ ಪೈಪನ್ನು ಡ್ಯಾಶ್‌ಬೋರ್ಡ್ ಕಡೆಯಿಂದ ಎಳೆದು ನೋಡಿದೆ. ಒಂದೇ ಒತ್ತಿಗೆ ಮುಳ್ಳು ಪೂರ್ತಿ ಏರಿತು, ನಿಂತಿತು. "ಬಿಸಿಯಲ್ಲೂ ಸೋರಿಕೆ ಇಲ್ಲ. ಒಂದೇ ಒತ್ತಿಗೆ ಏರಿಕೆ. ಲೈನ್ ಉತ್ತಮ" ಎಂದು ಬರೆದೆ. ಐದು ಒತ್ತು ಬೇಕಾಗಿದ್ದ ಜಾಗದಲ್ಲಿ ಒಂದೇ ಒತ್ತು ಸಾಕಾಯಿತೆಂದರೆ ಉಳಿದ ಪೈಪು ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಬೇಕಿತ್ತು. ನಾನು ಸೋರಿಕೆಯನ್ನು ಹುಡುಕುತ್ತಿದ್ದೆ. ಹುಡುಕುತ್ತಿದ್ದದ್ದು ಇಲ್ಲ ಎಂದಾಗ ಎಲ್ಲ ಸರಿ ಇದೆ ಎಂದುಕೊಂಡೆ. ಪದವಿ ಇದ್ದವರು ಮಾಡುವ ತಪ್ಪು ಇದು.

ಪೇಢಿಗೆ ಹೋದಾಗ ಸಾವಕಾರರು ಬಿಳಿ ಗಾದಿಯ ಮೇಲೆ ಕುಳಿತು ನೇರವಾಗಿ ಕೇಳಿದರು: "ಇದು ಯಾರ ಕೈ ಕೆಲಸ? ನಿಜ ಹೇಳ್ರಿ. ಗಾಡಿ ಮೊದಲ ಹಿಂಗ ಇರಲಿಲ್ಲ."

ನಾನು ಆ ಕಾರನ್ನು ಹಿಂದೊಮ್ಮೆ ಬಿಚ್ಚಿದ್ದೆ, ಏಳು ವರ್ಷದ ಹಿಂದೆ, ಎ.ಸಿ. ಕಾಯಿಲು ಬದಲಾಯಿಸಲು. ಆಗಿನ ಮುಖ್ಯ ಪೈಪು ನನಗೆ ಕಣ್ಣಿಗೆ ಕಟ್ಟಿದಂತಿತ್ತು: ಬಿಳಿ, ಗಟ್ಟಿ ಪ್ಲಾಸ್ಟಿಕ್, ಮೇಲೆ ಹಸಿರು ಗೆರೆ, ಎಲ್ಲೂ ಜೋಡಣೆ ಇಲ್ಲ, ಟೇಪು ಇಲ್ಲ. ಹಾಗೆಂದು ಹೇಳಿದೆ. "ಆಮೇಲೆ ಯಾರೋ ಕೈ ಹಾಕಿದ್ದಾರೆ. ಟೇಪು ಸುತ್ತಿ ಹೊಲಸು ಮಾಡಿಟ್ಟಿದ್ದಾರೆ."

"ಯಾರೋ ಅಂದ್ರ ಯಾರ್ರಿ? ನೀವು ಬಿಟ್ರ ಅಕ್ಕಲಕೋಟದ ಮಿಸ್ತ್ರಿ ಒಬ್ಬನ ಮುಟ್ಟಂವ."

ನಾನು ಸುಮ್ಮನಿದ್ದೆ. ಸುಮ್ಮನಿರುವುದೂ ಒಂದು ಉತ್ತರ ಎಂಬುದು ನನಗೂ ಗೊತ್ತಿತ್ತು, ಅವರಿಗೂ.

ಅಕ್ಕಲಕೋಟದ ಮಿಸ್ತ್ರಿಗೆ ಅರವತ್ತು ದಾಟಿರಬೇಕು. ಲಾಜಿನ ಪಕ್ಕ, ಸಾವಕಾರರದೇ ಜಾಗದಲ್ಲಿ, ಅವರ ತಗಡಿನ ಶೆಡ್ಡು. ಲಾಜಿನ ಎರಡು ಗಾಡಿಗಳು, ಈ ಕಾರಿನ ಎಣ್ಣೆ, ಬ್ರೇಕು ನೋಡಿಕೊಂಡು, ಉಳಿದಂತೆ ಊರಿನ ಆಟೋ, ಟಮಟಮ್‌ಗಳನ್ನು ರಿಪೇರಿ ಮಾಡಿ ಬದುಕುತ್ತಿದ್ದರು.

"ಅಂವನ ಜಾಗಾ ಬಿಡಸ್ತೀನಿ," ಎಂದರು ಸಾವಕಾರರು. "ಬರೂ ಗುರುವಾರದೊಳಗ. ಲಾಜಿಗಿ ಬಂದ ಮಂದಿ ಗಾಡಿ ನಿಲ್ಲಸಾಕ ಹೆಂಗೂ ಜಾಗಾ ಬೇಕಾಗೇತಿ. ನನ್ನ ಗಾಡೀನ ಕೆಡಸಂವಾ ನನ್ನ ನೆಲದ ಮ್ಯಾಲ ಯಾಕ?"

ಅವರ ಮನಸ್ಸಿನಲ್ಲಿ ಆ ಜಾಗದ ಆಸೆ ಮೊದಲೇ ಇತ್ತೆಂದು ಆಗ ಕಂಡಿತು. ನನ್ನ ಮಾತು ಒಂದು ನೆಪ. ಆದರೂ ಅದು ನನ್ನ ಮಾತೇ.

ಎರಡು ದಿನ ಬೇರೆ ಕೆಲಸ ಮಾಡಿದೆ. ಮೂರನೆಯ ದಿನ ಬೆಳಿಗ್ಗೆ ನಮ್ಮ ಷಟರ್ ಎತ್ತುವಾಗ ಹಸಿರು ಬಣ್ಣ ನೆನಪಾಯಿತು. ಪೈಪಿನ ಮೇಲಿನ ಆ ಹಸಿರು ಗೆರೆಯೂ ಷಟರಿನ ಹಸಿರಿನಷ್ಟೇ ಸ್ಪಷ್ಟವಾಗಿತ್ತು. ಏಳು ವರ್ಷದ ಹಿಂದೆ ನೋಟುಬುಕ್ಕು ಇರಲಿಲ್ಲ. ಒಬ್ಬ ಮನುಷ್ಯನ ಶೆಡ್ಡು ಆ ಗೆರೆಯ ಮೇಲೆ ನಿಂತಿತ್ತು. ಸಾವಕಾರರಿಗೆ ಫೋನು ಮಾಡಿ, ಗುರುವಾರ ಕಾರಿನಲ್ಲಿ ನಾನೇ ಅಕ್ಕಲಕೋಟಕ್ಕೆ ಬರುತ್ತೇನೆ, ದಾರಿಯಲ್ಲೇ ಪರೀಕ್ಷೆ ಮಾಡುತ್ತೇನೆ ಎಂದೆ. "ಬರ್ರಿ ಬರ್ರಿ. ನಾ ಬುಧವಾರನ ಮಗನ ಗಾಡ್ಯಾಗ ಮುಂದ ಹೋಗಿರ್ತೀನಿ. ಬಿಸಲಾಗ ನೀವ ಬೇಯ್ರಿ," ಎಂದರು.

ಈ ಸಲ ಗೇಜು ಎರಡು. ಮುಖ್ಯ ಪೈಪಿಗೆ ಟೇಪಿನ ಸುತ್ತಿಗಿಂತ ಮೊದಲು, ಪಂಪಿನ ಕಡೆ, ಮೂರು ಬಾಯಿಯ ಒಂದು ಟೀ ಜೋಡಣೆ ಹಾಕಿ ಉದ್ದ ಪೈಪಿನಿಂದ ಗೇಜನ್ನು ಬಾನೆಟ್ಟಿನ ಹೊರಗೆ ತಂದು ವೈಪರ್ ಪಕ್ಕ ಗಾಜಿಗೆ ಅಂಟಿಸಿದೆ, ಮುಖ ಒಳಗೆ ಮಾಡಿ. ಇನ್ನೊಂದನ್ನು ಡ್ಯಾಶ್‌ಬೋರ್ಡಿನ ಹಿಂದೆ, ವಾಲ್ವಿನ ಹತ್ತಿರ ಕೂಡಿಸಿ ಮಡಿಲಲ್ಲಿ ಇಟ್ಟುಕೊಂಡೆ. ಒಂದು ಎಳೆತ ಹುಟ್ಟುವ ಕಡೆ, ಇನ್ನೊಂದು ಅದು ತಲುಪುವ ಕಡೆ. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ.

ಮಧ್ಯಾಹ್ನ ಒಂದೂವರೆಗೆ ಹೊರಟೆವು. ಡ್ರೈವರನ ಸೀಟಿನ ಪಕ್ಕ ಎರಡು ತೆಂಗಿನಕಾಯಿ ಉರುಳಾಡುತ್ತಿದ್ದವು. ಬಾಗಿಲಿನ ಗೂಡಿನಲ್ಲಿ ಅವನು ಉಗುಳುವ ಬಾಟಲಿ, ಅರ್ಧ ತುಂಬಿದ್ದು, ಪ್ರತಿ ತಗ್ಗಿಗೂ ಅಲುಗುತ್ತಿತ್ತು. ನಾನು ಗೇಜು ನೋಡುತ್ತ ಕುಳಿತೆ. ಎರಡೂ ಮುಳ್ಳುಗಳು ಸಮ. ಕುಂಭಾರಿ ದಾಟಿತು. ಮಡಿಲಿನ ಮುಳ್ಳು ಒಂದು ಗೆರೆ ಇಳಿಯಿತು, ಮತ್ತೊಂದು. ಹೊರಗಿನ ಮುಳ್ಳು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ನಡುವಿನ ಜಾಳಿ ಮುಚ್ಚುವ ಟಪ್ ಸದ್ದು. ಗಾಳಿ ಗಾಜಿಗೆ ತಿರುಗಿತು.

"ನೋಡ್ರಿ, ಬಂದ್ ಆತು," ಎಂದ ಡ್ರೈವರ್, ಗೆದ್ದವನ ಹಾಗೆ. "ತಡೀರಿ, ವಳಸಂಗ ಬರ್ಲಿ."

ಬೇವಿನ ಮರದ ಕೆಳಗೆ ನಿಲ್ಲಿಸಿ ಇಂಜಿನ್ ಆರಿಸಿದ. ಇಳಿದು, ಬಾಟಲಿ ಖಾಲಿ ಮಾಡಿ, ಬಾಯಿ ಮುಕ್ಕಳಿಸಿ, ಕಲ್ಲಿಗೆ ಕಾಯಿ ಒಡೆದು, ಕೈ ಮುಗಿದ. ಚಹಾ ಕುಡಿದ. ಇಪ್ಪತ್ತು ನಿಮಿಷ. ನಾನು ಬೆವರಿನಲ್ಲಿ ಕುಳಿತು ಅವನನ್ನು ಬೈದುಕೊಳ್ಳುತ್ತಿದ್ದೆ. ಬಂದು ಚಾವಿ ತಿರುಗಿಸಿದ. ಎರಡೂ ಮುಳ್ಳುಗಳು ಒಟ್ಟಿಗೆ ಏರಿದವು. ನಡುವಿನ ಜಾಳಿ ತೆರೆಯಿತು. ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು.

"ಈಗರ ನಂಬತೀರೇನ್ರಿ ಸರ?"

ನಾನು ನಂಬಿದೆ, ಕಾಯಿಯನ್ನಲ್ಲ. ಅವನು ಮೊದಲ ದಿನವೇ ಹೇಳಿದ್ದು ಅಕ್ಷರಶಃ ನಿಜ ಎಂಬುದನ್ನು. ಸೋರಿಕೆಯಾಗಿದ್ದರೆ ಇಪ್ಪತ್ತು ನಿಮಿಷದ ವಿಶ್ರಾಂತಿಯಿಂದ ವಾಸಿಯಾಗುವುದಿಲ್ಲ. ಇಂಜಿನ್ ನಿಂತರೆ ಪೈಪಿನೊಳಗಿನ ಎಳೆತ ಮೆಲ್ಲಗೆ ಕರಗಿ ಹೋಗುತ್ತದೆ. ಎಳೆತ ಹೋದಾಗ ತನ್ನಷ್ಟಕ್ಕೆ ತೆರೆದುಕೊಳ್ಳುವಂಥದ್ದು ಏನೋ ದಾರಿಯಲ್ಲಿದೆ. ಅದು ಸೋರುತ್ತಿಲ್ಲ, ಮುಚ್ಚಿಕೊಳ್ಳುತ್ತಿದೆ. ಒಂದೇ ಒತ್ತಿಗೆ ಮುಳ್ಳು ಏರಿದ್ದು ಅದಕ್ಕೇ. ಯಾವ ಮಾತು ಕೇಳಿ ನನಗೆ ಹೇಸಿಗೆಯಾಗಿತ್ತೋ ಆ ಮಾತಿನಲ್ಲೇ ಉತ್ತರ ಇತ್ತು.

"ಮುಂದೆ ನಡಿ," ಎಂದೆ. "ಮತ್ತೆ ಬಂದ್ ಆದ ಕೂಡಲೇ ನಿಲ್ಲಿಸು. ಇಂಜಿನ್ ಮಾತ್ರ ಆರಿಸಬೇಡ."

ಏಳೆಂಟು ಕಿಲೋಮೀಟರಿಗೆ ಮತ್ತೆ ಬಂದ್ ಆಯಿತು. ಒಂದು ಕಬ್ಬಿನ ಹೊಲದ ಬದಿಗೆ ನಿಲ್ಲಿಸಿ, ಓಡುತ್ತಿರುವ ಇಂಜಿನ್ನಿನ ಮೇಲೆ ಬಗ್ಗಿ ಬ್ಲೇಡಿನಿಂದ ಟೇಪು ಸೀಳಿದೆ. ಒಳಗೆ ಬಿಳಿ ಪ್ಲಾಸ್ಟಿಕ್ಕೂ ಇರಲಿಲ್ಲ, ಹಸಿರು ಗೆರೆಯೂ ಇರಲಿಲ್ಲ. ಸಲಾಯಿನ್ ಹಚ್ಚುವ ಪೈಪು. ದವಾಖಾನೆಯಲ್ಲಿ ಬಾಟಲಿಯಿಂದ ಕೈಯ ಸೂಜಿಗೆ ಬರುತ್ತದಲ್ಲ, ಅದೇ. ಮೊದಲು ಪಾರದರ್ಶಕ ಇದ್ದದ್ದು, ಈಗ ಚಹಾದ ಬಣ್ಣ. ಶಾಖಕ್ಕೆ ಮೆತ್ತಗಾಗಿ, ಒಳಗಿನ ಎಳೆತಕ್ಕೆ ಎರಡೂ ಗೋಡೆ ಕೂಡಿ, ಇಸ್ತ್ರಿ ಮಾಡಿದ ಲಾಡಿಯಂತೆ ಚಪ್ಪಟೆಯಾಗಿತ್ತು. ಇಂಜಿನ್ ಆರಿಸಲು ಹೇಳಿ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಅದು ನಿಟ್ಟುಸಿರು ಬಿಟ್ಟಂತೆ ಉಬ್ಬಿ ದುಂಡಗಾಯಿತು.

"ಸಿಕ್ತೇನ್ರಿ ಮಿಸ್ತ್ರಿ ಕಾರಭಾರ?" ಎಂದ ಡ್ರೈವರ್.

"ಸಿಕ್ಕಿತು," ಎಂದೆ. ಒಂದು ನಿಮಿಷ ನನಗೆ ತುಂಬ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಜರ್ಮನ್ ಕಾರಿಗೆ ಸಲಾಯಿನ್ ಪೈಪು! ಇದನ್ನು ಸಾವಕಾರರ ಮುಂದೆ ಹಿಡಿದು ತೋರಿಸುವುದನ್ನು ಆಗಲೇ ಮನಸ್ಸಿನಲ್ಲಿ ನೋಡುತ್ತಿದ್ದೆ.

ಪೈಪನ್ನು ಬಿಡಿಸಿಕೊಳ್ಳಲು ಟೇಪನ್ನು ತುದಿಯವರೆಗೂ ಸುಲಿದೆ. ಎರಡೂ ತುದಿಗೆ ಕ್ಲಿಪ್ ಬದಲು ಮಗ್ಗದ ಹುರಿ ಬಿಗಿದು ಗಂಟು ಹಾಕಿತ್ತು. ಮೂರು ಸುತ್ತು, ಬಾಲವನ್ನು ಎಡಗಡೆಯಿಂದ ಸುತ್ತಿನ ಅಡಿಗೆ ತೂರಿಸಿ ಎಳೆದದ್ದು.

ನನ್ನ ತಂದೆ ಪವರ್‌ಲೂಮ್ ಕಾರಖಾನೆಯಲ್ಲಿ ಜಾಬರ್ ಆಗಿದ್ದರು, ಕೆಟ್ಟ ಮಗ್ಗ ಸರಿಮಾಡುವವರು. ಎಡಗೈಯವರು. ನಾನೂ ಎಡಗೈಯವನು. ಬೂಟಿನ ಲೇಸು ಕಟ್ಟುವುದಕ್ಕಿಂತ ಮೊದಲು ಆ ಗಂಟು ಕಲಿತಿದ್ದೆ.

ಬೇರೆಯವರೂ ಹಾಕಬಹುದು ಎಂದುಕೊಂಡೆ. ಸೋಲಾಪುರ ಸೀಮೆಯಲ್ಲಿ ಮಗ್ಗ ನಡೆಸಿದವರಿಗೆ ಏನು ಬರ! ಸಾಮಾನಿನ ಚೀಲದಿಂದ ಹುರಿಯ ತುಂಡು ತೆಗೆದು, ನೋಡದೆ, ಪಕ್ಕದಲ್ಲಿ ಒಂದು ಗಂಟು ಹಾಕಿದೆ. ಆಮೇಲೆ ನೋಡಿದೆ. ಬಾಲ ಕತ್ತರಿಸಿದ ಉದ್ದವೂ ಒಂದೇ.

ಏಳು ವರ್ಷದ ಹಿಂದೆ ಆ ಕಾರು ನನ್ನ ಅಂಗಡಿಯಲ್ಲಿದ್ದಾಗ ತಂದೆ ದವಾಖಾನೆಯಲ್ಲಿದ್ದರು. ದವಾಖಾನೆ ನನಗೆ ನೆನಪಿದೆ. ಅವರ ಹಾಸಿಗೆಯ ನಂಬರು, ಪಕ್ಕದವನ ಕೆಮ್ಮು, ನನ್ನ ಚೀಲದಲ್ಲಿ ಯಾವಾಗಲೂ ಒಂದೆರಡು ಹೆಚ್ಚಿನ ಸಲಾಯಿನ್ ಸೆಟ್ಟು ಇರುತ್ತಿದ್ದದ್ದು. ಹಳೆಯ ಪೈಪು ಕಾಯಿಲು ತೆಗೆಯುವಾಗ ಮುರಿದಿರಬೇಕು. ಚೀಲಕ್ಕೆ ಕೈ ಹಾಕಿರಬೇಕು. ಇರಬೇಕು ಎನ್ನುತ್ತೇನೆ, ಏಕೆಂದರೆ ಇದರಲ್ಲಿ ಒಂದು ಚೂರೂ ನನಗೆ ನೆನಪಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಬಿಳಿ ಪೈಪು, ಹಸಿರು ಗೆರೆಯೇ ಕಾಣುತ್ತದೆ. ಆದರೆ ಕೈಯಲ್ಲಿ ಗಂಟು ಇತ್ತು.

ಕಬ್ಬಿನ ಹೊಲ ಎದುರಿಗೇ ಇತ್ತು. ಎಸೆದಿದ್ದರೆ ಯಾರಿಗೂ ಸಿಗುತ್ತಿರಲಿಲ್ಲ. ಡ್ರೈವರಿಗೆ ಅದು ಬರೀ ಒಂದು ಪೈಪು. ಎಸೆಯಬೇಕೆಂದು ನನಗೆ ಅನ್ನಿಸಲಿಲ್ಲ ಎಂದರೆ ನಂಬಬೇಡಿ. ತೋಳು ಹಿಂದಕ್ಕೆ ಹೋಗಿತ್ತು. ಆದರೆ ಎಸೆದರೆ, ಇನ್ನು ಐದು ವರ್ಷಕ್ಕೆ ಇದನ್ನು ಮಿಸ್ತ್ರಿಯೇ ಮಾಡಿದ್ದೆಂದು ನಾನು ಪ್ರಾಮಾಣಿಕವಾಗಿ ನೆನಪಿಟ್ಟುಕೊಂಡಿರುತ್ತೇನೆ. ತೋಳು ಇಳಿದದ್ದು ಈ ಯೋಚನೆಗೆ. ಪೈಪನ್ನು ಜೇಬಿನಲ್ಲಿ ಇಟ್ಟುಕೊಂಡು, ದಪ್ಪ ಗೋಡೆಯ ಸರಿಯಾದ ರಬ್ಬರ್ ಹೋಸ್ ಹಾಕಿ ಬಾನೆಟ್ ಮುಚ್ಚಿದೆ.

ಅಕ್ಕಲಕೋಟದಲ್ಲಿ ಶೆಡ್ಡಿನ ಮುಂದೆ ಇಳಿದಾಗ ಮಿಸ್ತ್ರಿ ಬೆಂಚಿನಿಂದ, ಕಬ್ಬಿಣ ಕಚ್ಚಿ ಹಿಡಿಯುವ ವೈಸ್ ಬಿಚ್ಚುತ್ತಿದ್ದರು. ಪಾನಾ, ಸ್ಪ್ಯಾನರುಗಳೆಲ್ಲ ಗೋಣಿಚೀಲಕ್ಕೆ ಹೋಗಿದ್ದವು. ಗೋಡೆಯಲ್ಲಿ ಅವು ತೂಗುತ್ತಿದ್ದ ಜಾಗದ ಎಣ್ಣೆಯ ಗುರುತು ಮಾತ್ರ ಉಳಿದಿತ್ತು.

"ಬರ್ರಿ ಸರ," ಎಂದರು. "ಕುಂಡ್ರಾಕ ಏನೂ ಇಲ್ಲ. ಸ್ಟೂಲ್ ಆಗಳೇ ಹೋತು."

ಜೇಬಿನಿಂದ ಪೈಪು ತೆಗೆದು ಬೆಂಚಿನ ಮೇಲೆ ಇಟ್ಟೆ. "ಇದನ್ನು ನೋಡಿದ್ದೀರಾ?"

ಅವರು ನೋಡಿ ನಕ್ಕರು. "ವರ್ಷಾ ವರ್ಷಾ ನೋಡ್ತೀನ್ರಿ. ಸಲಾಯಿನ್ ಪೈಪು. ಬಿಸಿಗಿ ಮೆತ್ತಗ ಆಗಿ ಕೂಡ್ತದ. ಕೂಡಬಾರ್ದಂತ ವರ್ಷಕ್ಕೊಮ್ಮಿ ಮ್ಯಾಲ ಬಿಗಿಯಾಗಿ ಟೇಪ್ ಸುತ್ತತಿದ್ದೆ. ಈ ಸಲ ಯಾರೋ ಸುಲದಾರಂತ."

"ಬದಲಾಯಿಸಲಿಲ್ಲ ಯಾಕೆ?"

"ನಿಮ್ಮ ಗಂಟು ಅಲ್ರಿ ಅದು? ನಿಮ್ಮಪ್ಪಾವ್ರ ಕೈ ಕೆಳಗ ಎರಡು ವರ್ಷ ಮಗ್ಗ ನಡಸೀನಿ. ಜಾಬರ್ ಹಾಕಿದ ಗಂಟು ಜಾಬರ್‌ನೇ ಬಿಚ್ಚಬೇಕು. ಅದು ಕಾರಖಾನಿ ರಿವಾಜ. ಯಾಕ ಹಾಕ್ಯಾನಂತ ಅಂವಗ ಒಬ್ಬಂವಗ ಗೊತ್ತಿರ್ತದ."

"ನನ್ನನ್ನು ಕೇಳಬಹುದಿತ್ತು."

ಮಿಸ್ತ್ರಿ ವೈಸಿನ ಬೋಲ್ಟನ್ನು ಕೈಯಲ್ಲಿ ತಿರುಗಿಸುತ್ತ ನನ್ನನ್ನೇ ನೋಡಿದರು. "ಕೇಳಿದ್ನೆಲ್ರಿ. ಫೋನ್ ಮಾಡಿದ್ದೆ. ನೀವು ದವಾಖಾನ್ಯಾಗ ಇದ್ರಿ. 'ಸದ್ಯಾಕ್ಕ ಹಾಕೀನಿ, ಮುಟ್ಟಬ್ಯಾಡ್ರಿ ಕಾಕಾ, ನಾನ ಬಂದು ಬದಲ್ಸತೀನಿ' ಅಂದ್ರಿ. ಆಮ್ಯಾಲ ಅಪ್ಪಾವ್ರು ಹೋದ್ರು. ಮತ್ತ ಹೆಂಗ ಕೇಳೂದು? ಓದಿದವ್ರು, ಹೇಳೀರಂದ್ರ ಬರ್ತೀರಂತ ದಾರಿ ನೋಡಿದೆ."

ಏಳು ವರ್ಷ. ಆ ಫೋನೂ ನನಗೆ ನೆನಪಿಲ್ಲ. ಸಾಕ್ಷಿ ಇಲ್ಲದ ಯಾವ ಮಾತನ್ನೂ ಒಪ್ಪುವವನಲ್ಲ ನಾನು. ಆದರೆ ಟೇಪಿನ ಸುತ್ತುಗಳಿದ್ದವು. ಒಳಗಿನ ನಾಲ್ಕರಲ್ಲಿ ಒಂದು ಕೆಂಪು, ಒಂದು ನೀಲಿ, ಎರಡು ಕಪ್ಪು, ಆಯಾ ವರ್ಷ ಅಂಗಡಿಯಲ್ಲಿ ಸಿಕ್ಕ ಬಣ್ಣ. ಉಳಿದವನ್ನು ಹೊಲಸೆಂದು ನಾನೇ ಸುಲಿದು ಎಸೆದಿದ್ದೆ. ನನ್ನ ತಪ್ಪು ಏಳು ಬೇಸಗೆ ನಡೆದದ್ದು ಆ ಹೊಲಸಿನಿಂದ. ಈ ವರ್ಷದ ಮಧ್ಯಾಹ್ನದ ಬಿಸಿಲಿಗೆ ಅದು ಸಾಲದಾಯಿತು, ನಾನು ಸುಲಿದ ಮೇಲೆ ಕುಂಭಾರಿಯಾಚೆ ತಡೆಯಲಿಲ್ಲ.

"ಸಾವಕಾರರಿಗೆ ಇದನ್ನು ಹೇಳಲಿಲ್ಲವೇ ನೀವು?"

"ಹೇಳಿದ್ರ ನಂಬತಿದ್ರೇನ್ರಿ? ಒಂದ ಕಡಿ ನಾ, ಒಂದ ಕಡಿ ಎಂ.ಎಸ್ಸಿ."

ಲಾಜಿನ ವರಾಂಡದಲ್ಲಿ ಸಾವಕಾರರು ದರ್ಶನ ಮುಗಿಸಿ ಕುಳಿತಿದ್ದರು. ಹಣೆಗೆ ಅಷ್ಟಗಂಧ. ಮಿಸ್ತ್ರಿಯನ್ನೂ ಕರೆದುಕೊಂಡು ಹೋಗಿ, ಪೈಪನ್ನು ಅವರ ಮುಂದಿಟ್ಟು, ನಡೆದದ್ದನ್ನು ಕ್ರಮವಾಗಿ ಹೇಳಿದೆ. ತಪ್ಪು ನನ್ನದು, ಆಪಾದನೆ ಸುಳ್ಳು, ಶೆಡ್ಡು ತೆ‍ಗೆಸಬೇಕಾದರೆ ಬೇರೆ ಕಾರಣ ಹುಡುಕಿ, ಇದನ್ನಲ್ಲ ಎಂದೆ. ಲಾಜಿಗೆ ಬಂದ ಏಳೆಂಟು ಯಾತ್ರಿಕರು ಸುತ್ತ ನಿಂತು ಕೇಳುತ್ತಿದ್ದರು. ಸಾವಕಾರರು ಪೈಪನ್ನು ಮೂಗಿನ ಹತ್ತಿರ ಹಿಡಿದು, ವಾಸನೆಗೆ ಮುಖ ಸಿಂಡರಿಸಿ, ಕೆಳಗಿಟ್ಟರು.

"ಮತ್ತ ಅವತ್ತ ಅಷ್ಟ ಗಟ್ಟಿ ಹೇಳಿದ್ರೆಲ್ರಿ, ಹಸರ ಗೆರಿ, ಬಿಳಿ ಪೈಪು?"

"ನನಗೆ ಹಾಗೆ ನೆನಪಿತ್ತು."

"ಅರೇ ದೇವಾ! ನೆನಪ ಇರಲಾರದವ್ರು ಸುಮ್ಮ ಕೂಡ್ತಾರ. ನಿಮಗ ತಪ್ಪ ನೆನಪ ಇರ್ತದ, ಮ್ಯಾಲ ಧೈರ್ಯಾ ಬ್ಯಾರೆ." ಜನ ನಕ್ಕರು. ಅವರೆದುರು ಸಾವಕಾರರಿಗೂ ಹಿಂದೆ ಸರಿಯಲು ದಾರಿ ಉಳಿದಿರಲಿಲ್ಲ. ಮಿಸ್ತ್ರಿಯ ಕಡೆ ತಿರುಗಿ ಒರಟಾಗಿ ಹೇಳಿದರು: "ವೈಸ್ ತಿರುಗಿ ಹಾಕೋ. ಇನ್ನ ಮುಂದ ಈ ಗಾಡಿ ಎ.ಸಿ.ನೂ ನೀನ ನೋಡು."

ಹಾಗೆ ಆ ಕಾರು ನನ್ನ ಕೈ ಬಿಟ್ಟಿತು. ಸರಿಯೇ.

ವೈಸ್ ಭಾರ ಇತ್ತು. ಒಂದು ಕಡೆ ನಾನು ಹಿಡಿದೆ. ಮಿಸ್ತ್ರಿ ಬೋಲ್ಟು ಬಿಗಿದು, ಕಾರಿನ ಬಾನೆಟ್ ಎತ್ತಿ ನಾನು ಹಾಕಿದ ಹೊಸ ಹೋಸನ್ನು ಬೆರಳಿನಿಂದ ಒತ್ತಿ ನೋಡಿದರು. "ಕ್ಲಿಪ್ ಹಾಕೀರಿ. ಚಲೋ ಆತು," ಎಂದರು. "ಗಂಟು ಬ್ಯಾಡ್ರಿ ಇನ್ನ."

ಹಿಂದಿರುಗುವಾಗ ಸಾವಕಾರರು ಬರಲಿಲ್ಲ. ಡ್ರೈವರ್ ನನ್ನನ್ನು ಸೋಲಾಪುರಕ್ಕೆ ಬಿಡಲು ಹೊರಟ. ನಡುವಿನ ಜಾಳಿಯಿಂದ ತಣ್ಣನೆಯ ಗಾಳಿ ಒಂದೇ ಸಮನೆ ಬರುತ್ತಿತ್ತು. ವಳಸಂಗದ ಬೇವಿನ ಮರದ ಹತ್ತಿರ ಅವನು ಗಾಡಿ ನಿಧಾನ ಮಾಡಿದ.

"ಈಗ ಯಾಕೆ? ಪೈಪು ಬದಲಾಯಿಸಿ ಆಯಿತಲ್ಲ."

"ಪೈಪಿನ ಸಂಬಂಧ ಅಲ್ರಿ. ಇಷ್ಟ ದಿನಾ ಗಾಳಿ ಕೊಟ್ಟದ, ಕೆಲಸಾ ಆತಂತ ಮುಖಾ ತಿರುವಿ ಹೋಗೂದು ಚಲೋ ಅಲ್ಲ."

ಇಳಿದು ಉಳಿದಿದ್ದ ಕಾಯಿ ಒಡೆದ. ಒಂದು ಹೋಳನ್ನು ಕಲ್ಲಿನ ಮೇಲೆ ಇಟ್ಟು, ಇನ್ನೊಂದರಿಂದ ಒಂದು ಚೂರು ಕಿತ್ತು, ಗುಟ್ಕಾದ ಕೆಂಪು ಹಿಡಿದ ಬೆರಳಿನಲ್ಲೇ ನನ್ನ ಕಡೆ ಚಾಚಿದ. ಇಡೀ ಮಧ್ಯಾಹ್ನ ಬಿಸಿಲ ಕಾರಿನಲ್ಲಿ ಉರುಳಾಡಿದ ಕಾಯಿ. ಬಾಯಿಗೆ ಹಾಕಿಕೊಂಡೆ. ಕೊಬ್ಬರಿ ಕಮಟಾಗಿತ್ತು.

ಉಗುಳಲಿಲ್ಲ.